ಠಾಣೆಗೆ ಹೊರಟ ಎರಡು ಕೋವಿಗಳು

ಮಾನ್ಯ ಪೊಲೀಸ್ ವರಿಷ್ಠಾಧಿಕಾರಿಗಳೇ,

ಚುನಾವಣೆ ಬಂದಿದೆ, ಕೋವಿಯನ್ನು ಠಾಣೆಗೆ ತಂದೊಪ್ಪಿಸಿ ಎಂದು ನಿಮ್ಮ ಇಲಾಖೆ ನನ್ನ ಸೋದರಮಾವನಿಗೆ ಆದೇಶ ಕಳಿಸಿತು. ಅವರು ತಂದರು. ದಾರಿಯಲ್ಲಿ ನಿಮ್ಮದೇ ಇಲಾಖೆ ಅವರನ್ನು ತಡೆದು, ಕೋವಿ ಸಾಗಿಸಿದ ಅಪರಾಧಕ್ಕೆ ಮೊಕದ್ದಮೆ ಹೂಡಿತು. ದೂರು ಇಷ್ಟೇ. ಇದನ್ನೇ ನಾಲ್ಕು ತಿಂಗಳಲ್ಲಿ ಮೂರು ಅರ್ಜಿಗಳಲ್ಲಿ, ತಮ್ಮ ಸನ್ನಿಧಿಗೆ ತಕ್ಕ ವಿನಯದಿಂದ ಬರೆದೆ. ಮೂರಕ್ಕೂ ಸ್ವೀಕೃತಿಯ ಮೊಹರು ಸಿಕ್ಕಿತು, ಉತ್ತರ ಸಿಗಲಿಲ್ಲ. ವಿನಯದ ದಾಸ್ತಾನು ಮುಗಿದಿರುವುದರಿಂದ ಈ ನಾಲ್ಕನೆಯದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನನ್ನ ಮಾವ ಚಂದಯ್ಯ ಶೆಟ್ಟರಿಗೆ ಅರವತ್ತೆಂಟು ವರ್ಷ. ಮೂವತ್ತು ವರ್ಷ ಮುಂಬೈಯಲ್ಲಿ ಕ್ಯಾಂಟೀನ್ ನಡೆಸಿ, ಅಲ್ಲಿನ ಪೊಲೀಸರಿಗೆಲ್ಲ ಚಹಾ ಕುಡಿಸಿ, ಬೈಂದೂರಿನಿಂದ ಹದಿಮೂರು ಕಿಲೋಮೀಟರ್ ಒಳಗಿರುವ ನಮ್ಮ ಊರಿಗೆ ಮರಳಿ ಬೇಸಾಯಕ್ಕೆ ಇಳಿದವರು. ಅವರ ಒಂಟಿ ನಳಿಗೆಯ ಕೋವಿಗೆ ಬೆಳೆ ರಕ್ಷಣೆಯ ಪರವಾನಗಿ ಇದೆ. ಕಾಡುಹಂದಿ ನೆಲಗಡಲೆ ಗದ್ದೆಗೆ ನುಗ್ಗಿದಾಗ ಆಕಾಶಕ್ಕೊಂದು ಈಡು ಹಾರಿಸಿ ಹೆದರಿಸುವುದು ಅದರ ಕೆಲಸ. ಆ ಕೋವಿ ಇದುವರೆಗೆ ಕೊಂದಿರುವುದು ಒಂದೇ ಒಂದು ಬಾಳೆಗಿಡವನ್ನು, ಅದೂ ಮಾವ ಕಾಲು ಜಾರಿ ಬಿದ್ದಾಗ. ನಮ್ಮ ಪಕ್ಕದ ಗದ್ದೆ ರಾಮಣ್ಣನದು. ಅವರಿಗೂ ಅಂಥದೇ ಕೋವಿ, ಅಂಥದೇ ಪರವಾನಗಿ.

ಪ್ರತಿ ಚುನಾವಣೆಗೂ ಈ ಕೋವಿಗಳು ಠಾಣೆಗೆ ಹೋಗಿ, ಮತ ಎಣಿಕೆ ಮುಗಿದ ಮೇಲೆ ಹಿಂದಿರುಗುತ್ತವೆ. ಬಸ್ಸಿನಲ್ಲಿ ಕೋವಿ ಒಯ್ದರೆ ಜನ ಗಾಬರಿಯಾಗುತ್ತಾರೆಂದು, ವಾಹನ ಇದ್ದವರು ಇಲ್ಲದವರದನ್ನೂ ಒಟ್ಟಿಗೆ ಒಯ್ಯುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದ ಕ್ರಮ. ಮಾವನ ಬಳಿ ಹಳೆಯ ಓಮ್ನಿ ಇದೆ. ರಾಮಣ್ಣನ ಬಳಿ ಸೈಕಲ್ ಇದೆ. ಹಿಂದಿನ ಮೂರು ಚುನಾವಣೆಗಳಲ್ಲಿ ಎರಡೂ ಕೋವಿಗಳು ಓಮ್ನಿಯಲ್ಲೇ ಹೋಗಿವೆ. ಠಾಣೆಯ ರಿಜಿಸ್ಟರಿನಲ್ಲಿ ರಾಮಣ್ಣನ ಕೋವಿಯ ಮುಂದೆ, 'ತಂದೊಪ್ಪಿಸಿದವರು' ಎಂಬ ಕಾಲಮಿನಲ್ಲಿ, ಮೂರೂ ಸಲ ಮಾವನ ಸಹಿ ಇದೆ. ಇನ್ನೊಬ್ಬರ ಕೋವಿಯನ್ನು ಒಯ್ಯುವುದು ಕಾನೂನಿಗೆ ವಿರುದ್ಧವೆಂದು ಈಗ ತಿಳಿಯಿತು. ಒಪ್ಪಿದೆ, ತಪ್ಪು. ಆದರೆ ಆ ತಪ್ಪಿಗೆ ಮೂರು ಸಲ ರಸೀದಿ ಕೊಟ್ಟವರು ಯಾರು?

ನಾಲ್ಕನೆಯ ಸಲದ ಆದೇಶ ತಂದುಕೊಟ್ಟವರು ನಿಮ್ಮ ಬೀಟ್ ಪೊಲೀಸ್. ಅವರ ಹೆಸರು ನನಗೆ ಗೊತ್ತು, ಇಲ್ಲಿ ಬರೆಯುವುದಿಲ್ಲ. ಜಗಲಿಯಲ್ಲಿ ಕುಳಿತು ಮಜ್ಜಿಗೆ ಕುಡಿಯುತ್ತ ಅವರು ಹೇಳಿದ್ದನ್ನು ಬಾಗಿಲ ಬಳಿ ನಿಂತು ನಾನೇ ಕೇಳಿಸಿಕೊಂಡಿದ್ದೇನೆ.

"ಹ್ವಾಯ್ ಚಂದಯ್ಯಣ್ಣ, ರಾಮಣ್ಣ ಸೊಂಟ ಮುರ್ಕಂಡ್ ಮನಿಕಂಡಿದ್ರಲೆ. ಅವ್ರದ್ದೂ ನೀವೇ ಒಟ್ಟಿಗೆ ತಕಂಡ್ ಬನಿ, ಅಕಾ? ಮತ್ತೆ ತೋಟಿ ಸಮೇತ ತನ್ನಿ, ಕಳ್ದ್ ಸಲ ತರ್ಲಿಲ್ಲ ಅಂದ್ಕಂಡ್ ಸ್ಟೇಷನ್ ರೈಟರ್ ನಂಗೆ ಬೈದಿರ್."

"ಆಯ್ತ್ ಮಾರಾಯ್ರೆ, ನಾಳೆ ಬೆಳಿಗ್ಗೆಯೇ ಬತ್ತೆ," ಎಂದರು ಮಾವ. ತೋಟಿ ಎಂದರೆ ಕಾಡತೂಸು.

ಮರುದಿನ ಹತ್ತು ಗಂಟೆಗೆ ಹೊರಟೆವು. ನಾನೇಕೆ ಜೊತೆಗೆ ಹೋದೆ ಎಂದು ನಿಮ್ಮ ಅಧಿಕಾರಿಯೂ ಕೇಳಿದ್ದರು. ಕನ್ನಡ ಎಂ.ಎ. ಮಾಡಿದವಳಿಗೆ ನಮ್ಮೂರಿನಲ್ಲಿ ಸದ್ಯಕ್ಕೆ ಇರುವ ಉದ್ಯೋಗ ಊರವರ ಅರ್ಜಿ ತುಂಬುವುದು. ಕೋವಿ ಒಪ್ಪಿಸುವ ಅರ್ಜಿಗಳನ್ನೂ ನಾನೇ ಬರೆದಿದ್ದೆ. ಹಿಂದಿನ ಸೀಟಿನಲ್ಲಿ ಅವನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದೆ. ಕಾಲ ಬುಡದಲ್ಲಿ ಮಾವನ ಕೋವಿ ಅವರ ಹಳೆ ಬೆಡ್‌ಶೀಟಿನಲ್ಲಿ, ರಾಮಣ್ಣನದು ಅವರ ಹೆಂಡತಿ ಸುಗುಣಕ್ಕನ ಹಸಿರು ಸೀರೆಯಲ್ಲಿ ಸುತ್ತಿಕೊಂಡು ಮಲಗಿದ್ದವು. ಠಾಣೆಗೆ ಇನ್ನು ಎರಡು ಕಿಲೋಮೀಟರ್ ಇದೆ ಎನ್ನುವಾಗ, ಹೆದ್ದಾರಿಯಲ್ಲಿ ಚುನಾವಣೆಗೆಂದು ಶಾಮಿಯಾನ ಹಾಕಿದ್ದ ತಪಾಸಣೆಯವರು ಕೈ ಅಡ್ಡ ಹಾಕಿದರು.

ಮಾವ ಕೇಳುವ ಮೊದಲೇ ಹೇಳಿದರು. "ಸಾಬ್, ಹಿಂದೆ ಎರಡ್ ಕೋವಿ ಇತ್ತ್. ಸ್ಟೇಷನ್ನಿಗೆ ಕೊಡುಕೆ ಹೊರ್ಟದ್ದ್."

ಪ್ರಾಮಾಣಿಕತೆಗೆ ನಿಮ್ಮ ಇಲಾಖೆಯಲ್ಲಿ ಎಂಥ ಸ್ವಾಗತ ಇದೆಯೆಂದು ಆ ದಿನ ನೋಡಿದೆ. ನಾಲ್ವರು ಓಡಿ ಬಂದು ಓಮ್ನಿಯನ್ನು ಸುತ್ತುವರಿದರು. ಬೇರೆ ಜಿಲ್ಲೆಯಿಂದ ಚುನಾವಣಾ ಕೆಲಸಕ್ಕೆ ಬಂದಿದ್ದ ಸಬ್ ಇನ್ಸ್‌ಪೆಕ್ಟರ್ ಸೀರೆ ಬಿಚ್ಚಿಸಿ ನೋಡಿ ನಕ್ಕರು.

"ಏನಜ್ಜಾ, ಯುದ್ಧಕ್ಕೆ ಹೊರಟೆಯಾ? ಒಬ್ಬ ಮುದುಕ, ಎರಡು ಬಂದೂಕು. ಇನ್ನೊಂದು ಯಾರಿಗೆ, ಈ ಹುಡುಗಿಗಾ?"

ನಾನು ಆದೇಶದ ಪ್ರತಿಯನ್ನು ಮುಂದೆ ಚಾಚಿದೆ. ಅವರು ಓದಿದರು. ಪೂರ್ತಿ ಓದಿದರು, ಅದನ್ನು ಒಪ್ಪಿಕೊಳ್ಳಲೇಬೇಕು. "ಇದರಲ್ಲಿ ಠಾಣೆಗೆ ಒಪ್ಪಿಸಿ ಅಂತ ಇದೆ. ಗಾಡಿಯಲ್ಲಿ ಹಾಕಿಕೊಂಡು ಬನ್ನಿ ಅಂತ ಎಲ್ಲಿದೆ, ತೋರಿಸು."

"ಮತ್ತೆ ಹ್ಯಾಂಗ್ ಬಪ್ಪುದ್ ಸಾಬ್?" ಎಂದರು ಮಾವ. "ಹೆಗ್ಲ್ ಮೇಲೆ ಇಟ್ಕಂಡ್ ಹೈವೇ ಮೇಲೆ ನಡ್ಕಂಡ್ ಬಂದ್ರೆ ನೀವ್ ಸುಮ್ನೆ ಬಿಡ್ತ್ರಿಯಾ?"

ಈ ಪ್ರಶ್ನೆಗೆ ಇಂದಿನವರೆಗೂ ಉತ್ತರ ಬಂದಿಲ್ಲ. ಎಫ್.ಐ.ಆರ್. ಮಾತ್ರ ಬಂದಿದೆ. ಅದರ ಪ್ರಕಾರ ಕೋವಿಗಳನ್ನು 'ಬಟ್ಟೆಯಲ್ಲಿ ಮರೆಮಾಚಿ' ಸಾಗಿಸಲಾಗುತ್ತಿತ್ತು. ಬಟ್ಟೆ ಸುತ್ತದೆ ಒಯ್ದಿದ್ದರೆ 'ಸಾರ್ವಜನಿಕರಲ್ಲಿ ಭೀತಿ ಹುಟ್ಟಿಸುವಂತೆ ಪ್ರದರ್ಶಿಸಿ' ಎಂದು ಬರೆಯುತ್ತಿರಲಿಲ್ಲವೇ? ಕಾಡತೂಸು ತಂದದ್ದಕ್ಕೆ 'ಮದ್ದುಗುಂಡು ಸಮೇತ' ಎಂದಿದೆ. ತರದಿದ್ದರೆ 'ಮದ್ದುಗುಂಡನ್ನು ಮನೆಯಲ್ಲಿ ಅಡಗಿಸಿಟ್ಟು' ಎಂದಾಗುತ್ತಿತ್ತು. ಕೋವಿಯನ್ನು ಕೊಡದೆ ಮನೆಯಲ್ಲೇ ಇಟ್ಟುಕೊಂಡಿದ್ದರೆ ಆದೇಶ ಉಲ್ಲಂಘನೆ. ಹಾಗಾದರೆ ತಪ್ಪಿತಸ್ಥನಾಗದೆ ಆದೇಶ ಪಾಲಿಸುವ ದಾರಿ ಯಾವುದು, ಮಾನ್ಯರೇ? ಎಂ.ಎ. ಓದುವಾಗ ಕಷ್ಟದ ಹಳಗನ್ನಡ ಪದ್ಯಗಳಿಗೂ ಅರ್ಥ ಬಿಡಿಸಿದ್ದೇನೆ. ನಿಮ್ಮ ಎರಡು ಸಾಲಿನ ಆದೇಶ ಬಿಡಿಸಲು ಆಗುತ್ತಿಲ್ಲ.

ನಾವು ಶಾಮಿಯಾನದ ಪಕ್ಕ ಎರಡು ಗಂಟೆ ನಿಂತೆವು. ಅಷ್ಟರಲ್ಲಿ ಕಪ್ಪು ಗಾಜಿನ ಐದು ಕಾರುಗಳು ಒಳಗೆ ಯಾರಿದ್ದಾರೆಂದು ತೋರಿಸದೆ ದಾಟಿಹೋದವು. ಮಾತು ಕಡಿಮೆಯಿರುವವರಿಗೆ ನೋಡುವುದಕ್ಕೆ ತುಂಬ ಸಮಯ ಸಿಗುತ್ತದೆ. ಕೊನೆಗೆ ಸಬ್ ಇನ್ಸ್‌ಪೆಕ್ಟರ್ ಕೇಳಿದರು: "ಎರಡೂ ಒಟ್ಟಿಗೆ ತರಲು ಹೇಳಿದವರು ಯಾರು? ಹೆಸರು ಹೇಳಿ, ಬಿಡುತ್ತೇನೆ."

ನಾನು ಬಾಯಿ ತೆರೆಯುವಷ್ಟರಲ್ಲಿ ಮಾವ ನನ್ನ ಕೈ ಒತ್ತಿದರು. ಮೆಲ್ಲಗೆ ಹೇಳಿದರು: "ಹೇಳುದ್ ಬ್ಯಾಡ ಮಗಾ. ಅವ ಸಣ್ಣ ಮಕ್ಳಿಪ್ಪವ. ಕೆಲ್ಸ ಹೋತ್ತ್."

ನಾನು ಸುಮ್ಮನಾದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಸುಲಭ. ಮಾವನನ್ನು ಎರಡು ಕೋವಿಗಳ ನಡುವೆ ಆರೋಪಿಯಂತೆ ನಿಲ್ಲಿಸಿ ಫೋಟೊ ತೆಗೆದರು. ಅವರು ಪಂಚೆ ಸರಿಮಾಡಿಕೊಂಡು, ಮದುವೆ ಫೋಟೊಗೆ ನಿಲ್ಲುವವರಂತೆ ನೆಟ್ಟಗೆ ನಿಂತರು. ಕೋವಿಗಳನ್ನು ಸುತ್ತಿದ ಬಟ್ಟೆಗಳ ಸಮೇತ ಜಪ್ತಿ ಮಾಡಿ ಠಾಣೆಗೆ ಒಯ್ದರು. ಸಂಜೆಯೊಳಗೆ ಆ ಫೋಟೊ 'ಅಕ್ರಮ ಬಂದೂಕು ಜಾಲ ಪತ್ತೆ' ಎಂಬ ತಲೆಬರಹದೊಡನೆ ಬೈಂದೂರಿನಿಂದ ಬ್ರಹ್ಮಾವರದವರೆಗೆ ಮೊಬೈಲುಗಳಲ್ಲಿ ಹರಿದಾಡಿತು. ಕೋಟೇಶ್ವರದಿಂದ ನೆಂಟರೊಬ್ಬರು ಫೋನ್ ಮಾಡಿ, "ಚಂದಯ್ಯ ನಿಜಕ್ಕೂ ಮುಂಬೈಯಲ್ಲಿ ಕ್ಯಾಂಟೀನೇ ಮಾಡಿಕಂಡ್ ಇದ್ದದ್ದಾ?" ಎಂದು ಅಮ್ಮನನ್ನು ಕೇಳಿದರು. ಅಂದಿನಿಂದ ಮಾವ ಯಾವ ಮದುವೆಗೂ ಹೋಗಿಲ್ಲ.

ಇನ್ನು ನಿಮ್ಮ ಠಾಣೆಯ ವರದಿ. 'ಒಬ್ಬರ ಕೋವಿಯನ್ನು ಇನ್ನೊಬ್ಬರು ತರುವಂತೆ ನಮ್ಮ ಸಿಬ್ಬಂದಿ ಯಾವುದೇ ಸೂಚನೆ ನೀಡಿರುವುದಿಲ್ಲ' ಎಂದು ಅದರಲ್ಲಿದೆ. ಮಾವ ಯಾರನ್ನು ಉಳಿಸಿದರೋ ಅವರೇ ಅದಕ್ಕೆ ಸಹಿ ಹಾಕಿದ್ದಾರೆ. ನಿಮ್ಮ ಶಿಫಾರಸಿನ ಮೇಲೆ ಮಾವನ ಪರವಾನಗಿ ಮತ್ತು ಇನ್ನೂ ಮಂಚದಿಂದ ಏಳಲಾಗದ ರಾಮಣ್ಣನ ಪರವಾನಗಿ, ಎರಡನ್ನೂ ರದ್ದು ಮಾಡುವ ವಿಚಾರಣೆ ಮುಂದಿನ ವಾರ ಗುರುವಾರ ಜಿಲ್ಲಾಧಿಕಾರಿಗಳ ಮುಂದೆ ಇದೆ. ನೆಲಗಡಲೆಯನ್ನು ಹಂದಿಗಳು ಆಗಲೇ ಮುಗಿಸಿವೆ. ಈಗ ಭತ್ತದ ಸರದಿ. ಸುಗುಣಕ್ಕ ಗದ್ದೆಯ ಅಂಚಿನಲ್ಲಿ ನಿಂತು ಡಬ್ಬ ಬಡಿಯುತ್ತಾರೆ. ಆ ಸದ್ದು ಹಂದಿಗಳಿಗೆ ಅಭ್ಯಾಸವಾಗಿಬಿಟ್ಟಿದೆ.

ಇಷ್ಟರಲ್ಲೇ ಮುಗಿದಿದ್ದರೆ ನಾಲ್ಕನೆಯ ಅರ್ಜಿಯನ್ನೂ ತಗ್ಗಿದ ದನಿಯಲ್ಲೇ ಬರೆಯುತ್ತಿದ್ದೆನೇನೋ. ಆದರೆ ಮೊನ್ನೆ ಸೋಮವಾರ ಅದೇ ಬೀಟ್ ಪೊಲೀಸ್ ನಮ್ಮ ಗೇಟಿನ ಹೊರಗೆ ಬಂದು ನಿಂತರು. ಒಳಗೆ ಬರಲಿಲ್ಲ.

"ಚಂದಯ್ಯಣ್ಣ, ಪಂಚಾಯ್ತಿ ಎಲೆಕ್ಷನ್ನಿಂದ್. ಒಂದ್ ಸೈನ್ ಹಾಕಿ."

ಮಾವ ಕನ್ನಡಕ ಹಾಕಿಕೊಂಡು ಆ ಹೊಸ ಆದೇಶವನ್ನು ಓದಿದರು. 'ತಮ್ಮ ಸುಪರ್ದಿಯಲ್ಲಿರುವ ಕೋವಿಯನ್ನು ಏಳು ದಿನಗಳೊಳಗೆ ಠಾಣೆಗೆ ತಂದೊಪ್ಪಿಸತಕ್ಕದ್ದು. ತಪ್ಪಿದಲ್ಲಿ ಕಾನೂನು ಕ್ರಮ ಜರುಗಿಸಲಾಗುವುದು.' ನಾಲ್ಕು ತಿಂಗಳ ನಂತರ ಮೊದಲ ಬಾರಿಗೆ ಮಾವ ನಕ್ಕಿದ್ದು ಆಗ.

"ಹ್ವಾಯ್, ಕೋವಿ ಇಪ್ಪುದ್ ನಿಮ್ಮತ್ರ. ಅದನ್ನ ನಾನ್ ನಿಮ್ಗೆ ತಂದ್ ಕೊಡ್ಕಾ?"

ಆ ಮನುಷ್ಯ ತಲೆ ಎತ್ತಲಿಲ್ಲ. "ಮೇಲಿಂದ ಲಿಸ್ಟ್ ಬಂದದ್ದ್ ಚಂದಯ್ಯಣ್ಣ. ನಾನ್ ಎಂತ ಮಾಡುದ್?"

ಮಾವ ಸಹಿ ಹಾಕಿದರು. ಆಮೇಲೆ ಒಳಗೆ ತಿರುಗಿ, "ಮಗಾ, ಬಿಸ್ಲಂಗೆ ಬಂದಿರ್, ಇವ್ರಿಗೊಂದ್ ಮಜ್ಜಿಗೆ ತಕಂಬಾ," ಎಂದರು. ತಂದುಕೊಟ್ಟೆ. ಗೇಟಿನ ಹೊರಗೇ ನಿಂತು ಕುಡಿದರು.

ನಾನು ಮಾವನಷ್ಟು ಒಳ್ಳೆಯವಳಲ್ಲ. ಆದ್ದರಿಂದ ನನ್ನ ಬೇಡಿಕೆಯನ್ನು ಸ್ಪಷ್ಟವಾಗಿ ಹೇಳುತ್ತೇನೆ. ಗುರುವಾರದೊಳಗೆ ಠಾಣೆಯ ಹಳೆಯ ರಿಜಿಸ್ಟರನ್ನು ತರಿಸಿ, ಹಿಂದಿನ ಮೂರು ಚುನಾವಣೆಗಳ ಪುಟಗಳನ್ನು ವಿಚಾರಣೆಯ ಮುಂದಿಡಿ. ಮಾವನ ಸಹಿಯ ಎದುರು ನಿಮ್ಮ ಠಾಣೆಯ ಮೊಹರಿದೆ. ಅದನ್ನು ನೋಡಿದ ಮೇಲೆ ನಿಮ್ಮ ಶಿಫಾರಸನ್ನು ಹಿಂತೆಗೆದುಕೊಳ್ಳಿ. ಮಾವನ ಫೋಟೊ ಹಂಚಿದವರ ಕೈಯಲ್ಲೇ, ಅಲ್ಲಿ ಯಾವ ಜಾಲವೂ ಇರಲಿಲ್ಲವೆಂದು ಬರೆಸಿ ಹಂಚಿಸಿ. ಇದನ್ನು ನೀವು ಮಾಡಿದರೆ ಯಾರ ಹೆಸರನ್ನೂ ಹೇಳುವ ಅಗತ್ಯ ಬೀಳದು. ಮಾಡದಿದ್ದರೆ ಗುರುವಾರ ಸಾಕ್ಷಿಯಾಗಿ ನಾನೇ ನಿಲ್ಲುತ್ತೇನೆ. ಜಗಲಿಯಲ್ಲಿ ಕೇಳಿದ್ದನ್ನು, ಅದನ್ನು ಆಡಿದವರ ಹೆಸರಿನೊಂದಿಗೆ ಹೇಳುತ್ತೇನೆ. ಮಾವ ಈ ಸಲವೂ ಕೈ ಒತ್ತಿಯಾರು. ನಾನು ಕೈ ಬಿಡಿಸಿಕೊಳ್ಳುತ್ತೇನೆ.

ಏಳು ದಿನಗಳಲ್ಲಿ ಮೂರು ಆಗಲೇ ಕಳೆದಿವೆ. ನಿಮ್ಮ ಬೀರುವಿನಲ್ಲಿರುವ ಆ ಕೋವಿಯನ್ನು ನಿಮ್ಮ ಠಾಣೆಗೆ ಯಾವ ವಾಹನದಲ್ಲಿ ತರಬೇಕು, ಯಾವ ಬಟ್ಟೆಯಲ್ಲಿ ಸುತ್ತಬೇಕು ಎಂಬುದನ್ನು ಈ ಸಲವಾದರೂ ಬರೆದು ತಿಳಿಸಿ. ಸುಗುಣಕ್ಕನ ಹಸಿರು ಸೀರೆಯೂ ನಿಮ್ಮ ಬಳಿಯೇ ಇದೆ.

ಇಂತಿ,
ಅಂದು ಕೇಳಿದಾಗ ಬಾಯಿ ಬಿಡದೆ ನಿಂತದ್ದಕ್ಕೆ ಇಂದಿಗೂ ನಾಚುತ್ತಿರುವ,
ಶರಣ್ಯಾ
(ಓಮ್ನಿಯ ಹಿಂದಿನ ಸೀಟು)