ಕಾಮಣ್ಣ ಒಲ್ಲೆನೆಂದ ಕಟ್ಟಿಗೆ

ಕೆಲಗೇರಿ, ಧಾರವಾಡ
16 ಮಾರ್ಚ್ 2025, ರವಿವಾರ

ಮಧ್ಯಾಹ್ನದ ಊಟವಾಗಿದೆ. ಮಾವನವರು ನೆಲಕ್ಕೆ ಚಾಪೆ ಹಾಸಿ ಮಲಗಿದ್ದಾರೆ. ನಿಮ್ಮ ಮಗ ಹಿತ್ತಲಲ್ಲಿ ಕಟ್ಟಿಗೆ ಒಟ್ಟುತ್ತಿದ್ದಾರೆ.

ಪ್ರೀತಿಯ ಅತ್ತೆಯವರಿಗೆ, ಸೊಸೆ ಗೀತಾಂಜಲಿಯ ನಮಸ್ಕಾರ.

ನಿಮ್ಮ ಅಕ್ಕ ದೊಡ್ಡವ್ವನವರ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಕೋಲು ಹಿಡಿದು ನಡೆಯಲು ಒಲ್ಲೆ ಎನ್ನುತ್ತಾರೆ ಎಂದಿದ್ದಿರಿ. ನೀವು ಎದುರಿಗೆ ಕುಳಿತು ನೋಡುತ್ತಿದ್ದರೆ ಯಾರಾದರೂ ನಡೆಯುತ್ತಾರೆ, ಅದರ ಚಿಂತೆ ನನಗಿಲ್ಲ. ನಿಮ್ಮ ಮೊಣಕಾಲು ಹೇಗಿದೆ? ಸೊಲ್ಲಾಪುರದ ಬಿಸಿಲು ಈಗಲೇ ಜೋರಾಗಿದೆಯಂತೆ, ಮಜ್ಜಿಗೆ ಬಿಡಬೇಡಿ. ನಾನು ಆರಾಮಾಗಿದ್ದೇನೆ. ಮುಂಜಾನೆಯ ವಾಂತಿ ಕಡಿಮೆಯಾಗಿದೆ. ಒಗ್ಗರಣೆಯ ವಾಸನೆ ಬಂದರೆ ಮಾತ್ರ ಅಂಗಳಕ್ಕೆ ಓಡುತ್ತೇನೆ. ಅದಕ್ಕೆ ಮಾವನವರು ಒಂದು ವಾರದಿಂದ ಒಗ್ಗರಣೆ ಇಲ್ಲದ ಸಾರು ಉಣ್ಣುತ್ತಿದ್ದಾರೆ. ತುತ್ತಿಗೊಮ್ಮೆ ನಿಮ್ಮ ಫೋಟೋ ನೋಡುತ್ತಾರೆ.

ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀವು ಸ್ಪೀಕರ್ ಹಚ್ಚಿ ಮಾತಾಡುತ್ತೀರಿ, ನಾನು ಅರ್ಧ ಹೇಳುವಷ್ಟರಲ್ಲಿ ನಿಮ್ಮ ತೀರ್ಪು ಬಂದಿರುತ್ತದೆ, ದೊಡ್ಡವ್ವ ಅದಕ್ಕೆ ಹೂಂ ಅಂದಿರುತ್ತಾರೆ. ಕಾಗದವಾದರೆ ಕೊನೆಯವರೆಗೆ ಓದಲೇಬೇಕಾಗುತ್ತದೆ. ದಯಮಾಡಿ ಕೊನೆಯವರೆಗೆ ಓದಿರಿ.

ವಿಷಯ ನಿಮ್ಮ ಕಟ್ಟಿಗೆಯದು. ಗಾಬರಿಯಾಗಬೇಡಿ, ಕಟ್ಟಿಗೆ ಇದೆ.

ನನ್ನ ತವರಿನಲ್ಲಿ ಅವ್ವ ಇಲ್ಲ, ಚೊಚ್ಚಿಲ ಬಾಣಂತನ ನಾನೇ ಮಾಡುತ್ತೇನೆ ಎಂದು ನೀವು ಹೇಳಿದ ದಿನ ನಾನು ಅಡುಗೆಮನೆಗೆ ಹೋಗಿ ಅತ್ತಿದ್ದೆ. ನಿಮಗೆ ಗೊತ್ತಿರಲಿಕ್ಕಿಲ್ಲ, ಅಥವಾ ಗೊತ್ತಿದ್ದೂ ಸುಮ್ಮನಿದ್ದಿರಬಹುದು. ಅದರ ಹಿಂದೆಯೇ ನೀವು ಹಾಕಿದ ಕರಾರೂ ನೆನಪಿದೆ: "ಒಣ ಕಟ್ಟಿಗಿ ಇದ್ರ ಇಲ್ಲಿ, ಇಲ್ಲಾಂದ್ರ ನಿಮ್ಮ ಅಣ್ಣನ ಮನಿಗೆ. ಹಸಿ ಕಟ್ಟಿಗಿ ಮ್ಯಾಲ ಬಾಣಂತನ ಮಾಡಿದ್ರ ಕೂಸಿಗೆ ಹೊಗಿ, ಬಾಣಂತಿಗೆ ಕಣ್ಣೀರು." ದಸರೆಯ ಹೊತ್ತಿಗೆ ಹೆರಿಗೆ, ಮುಂದೆ ಚಳಿಗಾಲ ಪೂರ್ತಿ ಹಂಡೆಯ ನೀರು, ಬಾಣಂತಿ ಮಲಗುವ ಹೊರಸಿನ ಕೆಳಗೆ ಅಗ್ಗಿಷ್ಟಿಗೆಯ ಕೆಂಡ. ಅಷ್ಟಕ್ಕೆಂದೇ ನೀವು ಭಾರತ ಹುಣ್ಣಿಮೆಗೆ ಹೆಬ್ಬಳ್ಳಿಯ ಹೊಲದ ಜಾಲಿ ಕಡಿಸಿದಿರಿ. ಗೇಟಿನ ಪಕ್ಕದಲ್ಲಿ ಕಲ್ಲಿನ ಮೇಲೆ, ತೊಗಟೆ ಮೇಲಾಗಿ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಒಟ್ಟಿದಿರಿ. "ನಡುವ ಕೈ ಹೋಗಬೇಕು, ಕೈಯಾಗಿನ ಬಳಿ ಹೋಗಬಾರದು. ಅಷ್ಟು ಗಾಳಿ ಸಾಕು" ಅಂದಿರಿ. ಕದ್ದರೆ ಗುರುತು ಸಿಗಲೆಂದು ಒಂದೊಂದರ ತುದಿಗೂ ಸುಣ್ಣದ ಬೊಟ್ಟು ಇಟ್ಟಿರಿ. ಸೊಲ್ಲಾಪುರದ ಬಸ್ಸು ಹತ್ತುವಾಗಲೂ ಕಿಟಕಿಯಿಂದ ಹೇಳಿದ್ದು ನನ್ನ ಆರೋಗ್ಯದ ಮಾತಲ್ಲ, "ಕಾಮಣ್ಣನ ಮಂದಿ ಬರ್ತಾರ, ಕಟ್ಟಿಗಿ ಜ್ವಾಕಿ!"

ಹೋಳಿ ಹತ್ತಿರ ಬಂದಂತೆ ಮಾವನವರ ನಿದ್ದೆ ಹಾರಿಹೋಯಿತು. ಕಾಮಣ್ಣನ ಕಟ್ಟಿಗೆ ಕದಿಯುವುದರಲ್ಲಿ ಅವರಷ್ಟು ಹೆಸರು ಮಾಡಿದವರು ಈ ಓಣಿಯಲ್ಲಿ ಇಲ್ಲವೆಂದು ಅವರೇ ಹೇಳುತ್ತಾರೆ. ಕಳ್ಳನ ದಾರಿ ಬಲ್ಲವನೇ ಕಾವಲಿಗೆ ಕುಳಿತರೆ ಅವನಿಗೆ ನೂರು ದಾರಿ ಕಾಣುತ್ತವಂತೆ. "ನೋಡವಾ, ಗೇಟಿನ ಬಾಜೂಕ ಇಟ್ಟದ್ದು ಕಟ್ಟಿಗಿ ಅಲ್ಲ, ಆಮಂತ್ರಣ" ಎಂದರು. ಒಂದು ಮಧ್ಯಾಹ್ನ ಓಣಿಯೆಲ್ಲ ಮಲಗಿದ್ದಾಗ ಕೈಗಾಡಿ ತಂದು ಅಷ್ಟೂ ಕಟ್ಟಿಗೆಯನ್ನು ಪಕ್ಕದ ಗುಲಾಬಸಾಬ ಕಾಕಾ ಅವರ ಹಿತ್ತಲಿಗೆ ಸಾಗಿಸಿದರು. ಕಾಕಾ ಪ್ರತಿ ಹೋಳಿಗೆ ತಾವಾಗಿಯೇ ಏನಾದರೊಂದು ಮರದ ಸಾಮಾನು ಕೊಡುತ್ತಾರೆ, ಹಾಗಾಗಿ ಅವರ ಹಿತ್ತಲಿಗೆ ಯಾರೂ ಕದಿಯಲು ಹೋಗುವುದಿಲ್ಲ ಎಂಬುದು ಮಾವನವರ ಲೆಕ್ಕ. ನಮ್ಮ ಗೇಟಿನ ಪಕ್ಕ, ನಿಮ್ಮ ಕಲ್ಲುಗಳ ಮೇಲೆ, ಮುರುಕು ಹೊರಸೊಂದನ್ನು ನಿಲ್ಲಿಸಿ ತಾಡಪತ್ರಿ ಹೊದಿಸಿದರು. ದೂರದಿಂದ ನೋಡಿದರೆ ಥೇಟ್ ಕಟ್ಟಿಗೆಯೇ. ಇದು ಗೊತ್ತಿದ್ದದ್ದು ಅವರಿಗೆ, ಕಾಕಾ ಅವರಿಗೆ, ಅವರ ಹೆಂಡತಿ ಮೌಲಾಬಿ ಚಿಕ್ಕಮ್ಮನಿಗೆ ಮತ್ತು ಚಹಾ ಕೊಟ್ಟ ನನಗೆ. ನಿಮ್ಮ ಮಗನಿಗೆ ಹೇಳಕೂಡದೆಂದು ಆಣೆ ಹಾಕಿಸಿಕೊಂಡರು. "ವಿನೋದ ಕಾಮಣ್ಣನ ಕಮಿಟ್ಯಾಗ ಅದಾನ. ಅವನ ಹೊಟ್ಟ್ಯಾಗ ಅನ್ನ ನಿಂತೀತು, ಮಾತು ನಿಲ್ಲೂದಿಲ್ಲ."

ಇಲ್ಲಿ ಒಂದು ಮಾತು ನಿಮ್ಮ ಮಗನ ಪರವಾಗಿ ಹೇಳಲೇಬೇಕು. ಅದು ನನಗೂ ಆಮೇಲೆ ಗೊತ್ತಾದದ್ದು. ಅವರು ಅಷ್ಟೊತ್ತಿಗಾಗಲೇ ಕಮಿಟಿಯವರನ್ನು ಕೂಡಿಸಿ, ನಮ್ಮ ಮನೆಯ ಕಟ್ಟಿಗೆ ಬಾಣಂತಿಯದು, ಅದಕ್ಕೆ ಕೈ ಹಚ್ಚಬೇಡಿ ಎಂದು ಕೇಳಿಕೊಂಡಿದ್ದರು. ಎಲ್ಲರೂ ಒಪ್ಪಿ, ಕಮಿಟಿಯ ಹಿರಿಯ ಪಂಢರಿನಾಥ ಅವರ ಕೈಯಲ್ಲಿ ಕೈಯಿಟ್ಟು ಮಾತು ಕೊಟ್ಟಿದ್ದರು. ಅಂದರೆ ಗೇಟಿನ ಪಕ್ಕದಲ್ಲೇ ಇದ್ದಿದ್ದರೆ ಇಡೀ ಕೆಲಗೇರಿಯಲ್ಲಿ ಅದರಷ್ಟು ಸುರಕ್ಷಿತವಾದ ಕಟ್ಟಿಗೆ ಇನ್ನೊಂದಿರಲಿಲ್ಲ. ಅಪ್ಪ ಮಗನಿಗೆ ಹೇಳಲಿಲ್ಲ, ಮಗ ಅಪ್ಪನಿಗೆ ಹೇಳಲಿಲ್ಲ. ನಿಮ್ಮ ಮನೆಯ ಗಂಡಸರು ಒಳ್ಳೆಯ ಕೆಲಸವನ್ನೂ ಕಳ್ಳರ ಹಾಗೆಯೇ ಮಾಡುತ್ತಾರೆ.

ಹುಣ್ಣಿಮೆಯ ಸಂಜೆ ರೋಜಾದ ಉಪವಾಸ ಬಿಟ್ಟು ಕಾಕಾ ರಾತ್ರಿಯ ತರಾವೀಹ್ ನಮಾಜಿಗೆ ಹೋದರು. ಚಿಕ್ಕಮ್ಮ ನನಗೆ ಖರ್ಜೂರ ಕೊಡಲು ಬಂದು ಮಾತಿಗೆ ಕುಳಿತರು. ಅದೇ ಹೊತ್ತಿಗೆ ಕಾಮಣ್ಣನ ಮಂದಿ, ಎಲ್ಲರೂ ಹೆಂಡತಿ ಮಕ್ಕಳಿರುವ ನಡುವಯಸ್ಸಿನವರು, ಮುಖಕ್ಕೆ ಟವೆಲ್ಲು ಸುತ್ತಿಕೊಂಡು ಹೊರಟರು. ನಮ್ಮ ಗೇಟಿನ ಮುಂದೆ ನಿಮ್ಮ ಮಗ ತಾಡಪತ್ರಿಗೆ ಕೈ ಮುಗಿದು, "ಇದು ಬ್ಯಾಡ್ರಪಾ" ಎಂದು ಮುಂದೆ ಕರೆದೊಯ್ದರಂತೆ. ಅವರು ಹೊರಸಿಗೆ ಕೈ ಮುಗಿದದ್ದನ್ನು ನೆನೆದರೆ ನನಗೆ ಈಗಲೂ ನಗು ತಡೆಯುವುದಿಲ್ಲ. ಕಾಕಾ ಅವರ ಹಿತ್ತಲಲ್ಲಿ ಕಟ್ಟಿಗೆಯ ರಾಶಿ ಕಂಡಿತು. ಈ ಸಲ ಕಾಕಾ ನಮಗೆಂದೇ ತೆಗೆದಿಟ್ಟಿದ್ದಾರೆ, ಎಂಥ ದೊಡ್ಡ ಮನಸ್ಸು ಎಂದು ಹೊಗಳಿ ಅಷ್ಟನ್ನೂ ಹೊತ್ತರು. ಎಲ್ಲರಿಗಿಂತ ಹೆಚ್ಚು ಹೊತ್ತವರು ನಿಮ್ಮ ಮಗ. ಟವೆಲ್ಲು ಕಣ್ಣಿಗಿಳಿದು ಸುಣ್ಣದ ಬೊಟ್ಟು ಕಾಣಲಿಲ್ಲವಂತೆ.

ನಸುಕಿನಲ್ಲಿ ಕಾಮದಹನ. ನಾನು ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಬೆಂಕಿ ಹಚ್ಚಿದರು, ಕಾಮಣ್ಣ ಉರಿಯಲಿಲ್ಲ. ಸೀಮೆಎಣ್ಣೆ ಸುರಿದರು, ಭಗ್ಗೆಂದು ಎದ್ದು ಮತ್ತೆ ಕುಳಿತ. ಕಟ್ಟಿಗೆಯ ತುದಿಗಳಿಂದ ನೊರೆ ಬರತೊಡಗಿತು, ಸುಂಯ್ ಎಂದು ಸದ್ದು ಬೇರೆ. ಓಣಿಯ ತುಂಬ ಹೊಗೆ ತುಂಬಿ ಹಲಗಿ ಬಾರಿಸುವವರು ಕೆಮ್ಮಿ ಕೆಮ್ಮಿ ತಾಳ ತಪ್ಪಿದರು. ಆಗ ಮಾವನವರಿಗೆ ಸುಣ್ಣದ ಬೊಟ್ಟು ಕಂಡಿತು. ಅವರ ಮುಖ ನೀವು ನೋಡಬೇಕಿತ್ತು. ಕಾಮಣ್ಣನಿಗೆ ಸೇರಿದ್ದನ್ನು ಮರಳಿ ಕೇಳಬಾರದು ಎಂದು ಎಷ್ಟು ಮನೆಯವರಿಗೆ ಅವರೇ ಬುದ್ಧಿ ಹೇಳಿಲ್ಲ! ಈಗ ಯಾವ ಬಾಯಿಂದ ಕೇಳಬೇಕು? ಅದೇ ಬಾಯಿಗೆ ಅಂಗೈ ಬಡಿದುಕೊಂಡು ಲಬೋ ಲಬೋ ಎಂದು ಅಳತೊಡಗಿದರು. ಕಾಮಣ್ಣ ಸತ್ತನೆಂದು ಎಲ್ಲರೂ ಸುಳ್ಳೇ ಬಾಯಿ ಬಡಿದುಕೊಳ್ಳುವಾಗ ಇವರೊಬ್ಬರ ಕಣ್ಣಲ್ಲಿ ಖರೇ ನೀರು. ಪಂಢರಿನಾಥ ಅವರು, "ನೋಡ್ರಿ, ಹಿಂದಿನ ಮಂದಿ ಭಕ್ತಿ ಅಂದ್ರ ಇದು!" ಎಂದು ಎಲ್ಲರಿಗೂ ತೋರಿಸಿದರು.

ಗುಟ್ಟು ಒಡೆದದ್ದು ಮುಂಜಾನೆಯ ನಮಾಜು ಮುಗಿಸಿ ಬಂದ ಕಾಕಾ ಅವರಿಂದ. ಮೂಗಿಗೆ ಕರವಸ್ತ್ರ ಹಿಡಿದು, ಸಹಜವಾಗಿ, ಎಲ್ಲರಿಗೂ ಕೇಳುವ ಹಾಗೆ ಅಂದರು: "ಏ ಹನುಮಂತಪ್ಪಾ, ನಿನ್ನ ಸೊಸಿ ಕಟ್ಟಿಗಿ ಇಲ್ಲ್ಯಾಕ ಬಂತೋ? ಇನ್ನೂ ಹಸಿ ಐತಲ್ಲೋ!" ಹಲಗಿ ನಿಂತಿತು. ನಿಮ್ಮ ಮಗ ಒಮ್ಮೆ ಅಪ್ಪನನ್ನು, ಒಮ್ಮೆ ಕಟ್ಟಿಗೆಯನ್ನು, ಒಮ್ಮೆ ಕಟ್ಟೆಯ ಮೇಲಿದ್ದ ನನ್ನನ್ನು ನೋಡಿದರು. ಆಮೇಲೆ ಯಾರ ಅಪ್ಪಣೆಯನ್ನೂ ಕಾಯದೆ ಬರಿಗೈಯಿಂದ ಒಂದೊಂದೇ ಎಳೆದು ಹೊರಗೆ ಹಾಕತೊಡಗಿದರು. ಅಂಗೈಯಲ್ಲಿ ಸಣ್ಣ ಬೊಬ್ಬೆಗಳು ಎದ್ದಿವೆ, ತುಪ್ಪ ಹಚ್ಚಿದ್ದೇನೆ. ಕಾಮಣ್ಣನನ್ನು ಬರಿಗೈಯಲ್ಲಿ ಕಳಿಸಬಾರದಲ್ಲ, ಗೇಟಿನ ಪಕ್ಕದ ಹೊರಸನ್ನು ತಂದು ಹಾಕಿದರು. ಅದು ಎಂಥ ಚಂದ ಉರಿಯಿತು ಅಂತೀರಿ! ಅದು ನಿಮ್ಮ ತವರಿನ ಹೊರಸು ಎಂದು ಮಾವನವರಿಗೆ ನೆನಪಾದದ್ದು ಅದು ಬೂದಿಯಾದ ಮೇಲೆ. ಆ ವಿಷಯ ಅವರೇ ಬೇರೆ ಕಾಗದದಲ್ಲಿ ಬರೆಯುತ್ತಾರಂತೆ. ಬರೆಯಲಾರರು. ನೆಲದ ಮೇಲೆ ಮಲಗುವ ಶಿಕ್ಷೆಯನ್ನು ಅವರೇ ಹಾಕಿಕೊಂಡಿದ್ದಾರೆ.

ಈಗ ಕಟ್ಟಿಗೆಯ ಹೊರಮೈ ಕಪ್ಪಾಗಿದೆ, ಒಳಗೆ ಏನೂ ಆಗಿಲ್ಲ. ಬೇಸಿಗೆ ಇನ್ನೂ ಪೂರ್ತಿ ಮುಂದಿದೆ. ಆದರೆ ಚಿತೆಯಿಂದ ತೆಗೆದದ್ದನ್ನು ಕೂಸಿನ ಹೊರಸಿನ ಕೆಳಗೆ ಹಾಕಬಾರದು ಎಂದು ಪಂಢರಿನಾಥ ಅವರ ಮನೆಯವರು ಹೇಳಿ ಹೋದರು. ಅದಕ್ಕೆ ಮೌಲಾಬಿ ಚಿಕ್ಕಮ್ಮ, "ಕಾಮಣ್ಣನೇ ಒಲ್ಲೆ ಅಂದು ಕಳಿಸ್ಯಾನ. ಅದು ಕೂಸಿನ ಪಾಲಿಂದವಾ" ಎಂದರು. ಯುಗಾದಿಗೆ ನನ್ನ ಅಣ್ಣ ಶಶಿಕುಮಾರ ಕಮರಿಪೇಟೆಯಿಂದ, ಬಾಣಂತನ ಎಲ್ಲಿ ಎಂಬುದಕ್ಕೆ ಉತ್ತರ ಕೇಳಲು ಬರುತ್ತಾನೆ. ಅವನಲ್ಲಿ ಗೀಸರ್ ಇದೆ, ಕೋಣೆ ಬೆಚ್ಚಗೆ ಮಾಡುವ ಹೀಟರ್ ತಂದಿಟ್ಟಿದ್ದಾನೆ, ಅತ್ತಿಗೆಯೂ ಒಳ್ಳೆಯವಳು. ಇಷ್ಟೆಲ್ಲ ರಂಪವಾದ ಮೇಲೆ ಅಲ್ಲಿಗೇ ಹೋಗು ಎಂದು ನೀವು ಅಂದರೆ ಅದರಲ್ಲಿ ತಪ್ಪಿಲ್ಲ.

ದೊಡ್ಡವ್ವನವರಿಗೆ ನನ್ನ ನಮಸ್ಕಾರ ತಿಳಿಸಿ. ಕೋಲು ಹಿಡಿಯದಿದ್ದರೆ ಹೊರಸಿನ ಕಥೆ ಹೇಳುವುದಿಲ್ಲ ಎಂದು ಹೆದರಿಸಿ.

ನಿಮ್ಮ ಸೊಸೆ,
ಗೀತಾಂಜಲಿ

ತಾ.ಕ.: ಕಾಗದ ಮಡಚುವ ಮುಂಚೆ ಹಿತ್ತಲಿಗೆ ಹೋಗಿ ನೋಡಿ ಬಂದೆ. ನಿಮ್ಮ ಮಗ ಕಲ್ಲಿನ ಮೇಲೆ, ತೊಗಟೆ ಮೇಲಾಗಿ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ ಒಟ್ಟಿದ್ದಾರೆ. ನಡುವೆ ಕೈ ಹಾಕಿದೆ. ಕೈ ಹೋಯಿತು, ಬಳೆ ನಿಂತಿತು. ಅತ್ತೆ, ನಾನು ಕಮರಿಪೇಟೆಗೆ ಹೋಗುವುದಿಲ್ಲ. ಈ ಕಟ್ಟಿಗೆಯ ಮೇಲೆಯೇ, ನಿಮ್ಮ ಕೈಯಲ್ಲೇ ನನ್ನ ಬಾಣಂತನ. ನೀವು ಬೇಡವೆಂದರೂ ಹೋಗುವುದಿಲ್ಲ. ಅಣ್ಣನಿಗೆ ಇನ್ನೂ ಹೇಳಿಲ್ಲ, ಯುಗಾದಿಯ ದಿನ ಬೇವು ಬೆಲ್ಲ ಕೊಟ್ಟು ಹೇಳುತ್ತೇನೆ. ಚಳಿಗಾಲ ಪೂರ್ತಿ ನಸುಕಿನಲ್ಲೆದ್ದು ಹಂಡೆಯ ಒಲೆ ಹಚ್ಚುವವರು ಯಾರು ಎಂಬುದನ್ನೂ ನಿಶ್ಚಯ ಮಾಡಿದ್ದೇನೆ. ಅದನ್ನು ನಿಮ್ಮ ಮಗನಿಗೆ ಇನ್ನೂ ಹೇಳಿಲ್ಲ, ನೀವೂ ಫೋನಿನಲ್ಲಿ ಹೇಳಬೇಡಿ. ಒಟ್ಟುವುದು ಮುಗಿಯಲಿ.