ಎಣ್ಣೆ ಕುಡಿದ ಸ್ಕ್ರೂ

ಶನಿವಾರ, ೭ ಫೆಬ್ರುವರಿ. ಇಳಕಲ್

ಗೆಳೆಯ ಸಂಗಮೇಶನ ಅಚ್ಚುಮೆಚ್ಚಿನ ಗಾಡಿ ನನ್ನ ಮೇಜಿನ ಮೇಲಿದೆ, ಅದರ ಅಚ್ಚು ಮಾತ್ರ ನನ್ನನ್ನು ಮೆಚ್ಚುತ್ತಿಲ್ಲ. ರಿಮೋಟಿನಿಂದ ಬಂಡೆ ಹತ್ತುವ ಈ ಪುಟ್ಟ ಟ್ರಕ್ಕಿಗೆ ನಾಳೆ ಗುಳೇದಗುಡ್ಡದಲ್ಲಿ ಸ್ಪರ್ಧೆ. ಗಾಲಿಗಳಿಗೆ ಕಂಪನಿ ಕೊಟ್ಟ ಪ್ಲಾಸ್ಟಿಕ್ ಅಚ್ಚು ತೆಗೆದು ಉಕ್ಕಿನದು ಕೂಡಿಸಿಕೊಡುತ್ತೇನೆಂದು ಜಂಬದಿಂದ ತಂದವನು ನಾನೇ.

ಕೂಡಿಸಿದ್ದೂ ಆಯಿತು. ಆದರೆ ಮೆಟ್ಟಿಲು ಹತ್ತಿಸಿದಾಗಲೆಲ್ಲ ಹಿಂದಿನ ಗಾಲಿ ತಿರುಗುವುದೇ ಇಲ್ಲ. ಬಿಚ್ಚಿದರೆ ಒಳಗಿನ ಗೇರಿನ ಸ್ಕ್ರೂ ಸಡಿಲ. ಸ್ಕ್ರೂ ಹಿಡಿಯುವ ಅಂಟು ಹಾಕಿದ್ದೇನೆ, ಆದರೂ ಸಡಿಲ.

ಅವ್ವ ಮಗ್ಗದ ಕೋಣೆಯಿಂದ ಬಂದು ಇಣುಕಿದಳು. “ಎಣ್ಣಿ ಹಾಕಿಲ್ಲೇನೋ?”

“ಎಲ್ಲಾದಕ್ಕೂ ಹಾಕೇನಿ ಬೇ.”

ಹೇಳುತ್ತಲೇ ತಪ್ಪು ಹೊಳೆಯಿತು. ನಮ್ಮ ಮನೆಯಲ್ಲಿ ಹೊಸ ಕಬ್ಬಿಣಕ್ಕೆ ಮಗ್ಗದೆಣ್ಣೆ ಕಾಣಿಸದೆ ಕೆಲಸಕ್ಕೆ ಹಚ್ಚುವುದಿಲ್ಲ. ಆ ರೂಢಿಯಲ್ಲೇ ಸ್ಕ್ರೂಗಳನ್ನೆಲ್ಲ ಎಣ್ಣೆಯಲ್ಲಿ ಅದ್ದಿ ತಿರುಗಿಸಿದ್ದೆ. ಎಣ್ಣೆ ಹೊಡೆದವನ ಮಾತೂ ಎಣ್ಣೆ ಕುಡಿದ ಸ್ಕ್ರೂವೂ ಒಂದೇ, ಯಾವ ಅಂಟಿಗೂ ನಿಲ್ಲುವುದಿಲ್ಲ.

ಪೆಟ್ರೋಲಿನಲ್ಲಿ ತೊಳೆದು, ಒರೆಸಿ, ಹೊಸದಾಗಿ ಅಂಟು ಹಾಕಿ ಬಿಗಿದಿದ್ದೇನೆ. ಬೆಳಗಿನವರೆಗೆ ಮುಟ್ಟುವಂತಿಲ್ಲ, ಓಡಿಸಿ ನೋಡುವಂತೆಯೂ ಇಲ್ಲ. ಹಿಡಿದಿದೆಯೋ ಇಲ್ಲವೋ ತಿಳಿಯುವುದು ಬಂಡೆಯ ಮೇಲೆ, ಎಲ್ಲರೆದುರು.

ಸಂಗಮೇಶನಿಗೆ ಫೋನು ಮಾಡಿ ಎಲ್ಲ ಹೇಳಿಬಿಟ್ಟೆ. ಬೈಯುತ್ತಾನೆಂದು ಕಾದೆ. ಅವನು ಅಂದ: “ಹಂಗಾರ ನಾಳೆ ರಿಮೋಟ್ ನೀನ ಹಿಡಿಲೇ, ಮೇಸ್ತ್ರಿ. ನಾ ದೂರ ನಿಂತು ಚಪ್ಪಾಳಿ ಹೊಡಿತೇನಿ.”

ಅಂಟು ಒಣಗಲು ಇಡೀ ರಾತ್ರಿ ಬೇಕು. ರಿಮೋಟಿಗೆ ಹೊಸ ಸೆಲ್ ಹಾಕಿ ಪಕ್ಕಕ್ಕಿಟ್ಟಿದ್ದೇನೆ, ಎಣ್ಣೆ ಮಾತ್ರ ಹಾಕಿಲ್ಲ.