ಎರಡನೇ ಸಾಲಿನ ಕುರ್ಚಿಯಲ್ಲಿ ನಮ್ಮಜ್ಜ

ಇತಿಹಾಸ ಪ್ರಕಟಣಾ ಮಂಡಳಿಯ ಮಾನ್ಯ ಅಧ್ಯಕ್ಷರೇ,

ನೀವು ಹೊರತಂದ ‘ಸಂವಿಧಾನ ರಚನೆಯ ಅಧಿಕೃತ ಇತಿಹಾಸ’ದ ಮುಖಪುಟದಲ್ಲಿ, ಎರಡನೇ ಸಾಲಿನ ತುದಿಗೆ ಗಂಭೀರವಾಗಿ ಕುಳಿತಿರುವವರು ಸಂವಿಧಾನ ಸಭೆಯ ಸದಸ್ಯರಲ್ಲ. ನಮ್ಮಜ್ಜ. ವೃತ್ತಿಯಿಂದ ದರ್ಜಿ. ಆ ಚಿತ್ರ ತೆಗೆದ ದಿನ ಸದಸ್ಯರೊಬ್ಬರಿಗೆ ಕೋಟು ಕೊಡಲು ಹೋಗಿದ್ದರು.

ಚಿತ್ರದ ಕೆಳಗೆ ‘ಸಂವಿಧಾನದ ಕರಡು ಪ್ರತಿಗೆ ಸರ್ವಾನುಮತದಿಂದ ಸಹಿ ಹಾಕಿದವರು’ ಎಂದು ಅಚ್ಚಾಗಿದೆ. ಪುಸ್ತಕ ತೋರಿಸಿದಾಗ ಅಜ್ಜ ಕನ್ನಡಕ ಏರಿಸಿ ನಕ್ಕುಬಿಟ್ಟರು.

“ಫೋಟೋದವನು ಕರೆದ ಕಣಮ್ಮ. ‘ಕುರ್ಚಿ ಖಾಲಿ ಕಾಣುತ್ತೆ, ಆ ಕೋಟು ನೀವೇ ಹಾಕ್ಕೊಂಡು ಕೂತ್ಕೊಳ್ಳಿ ಯಜಮಾನ್ರೇ’ ಅಂದ. ಕೂತೆ. ಕಂಕುಳಲ್ಲಿ ಇನ್ನೂ ಕಚ್ಚಾ ಹೊಲಿಗೆ, ಕೈ ಎತ್ತಿದ್ರೆ ಬಿಚ್ಕೊಳ್ತಿತ್ತು.”

“ಕೋಟಿನವರು ಎಲ್ಲಿದ್ರು ಅಜ್ಜ?”

“ಎದ್ದು ಹೋಗಿದ್ರು. ಆಮೇಲೆ ಅಂಗಡಿಗೆ ಬಂದಾಗ ಅವರೇ ಹೇಳಿದ್ರು, ‘ವಿಚಾರಣೆ ಇಲ್ದೆ ಜನರನ್ನ ಒಳಗೆ ಹಾಕೋ ವಿಧಿಗೆ ನಾನು ಸಹಿ ಹಾಕಲ್ಲ’ ಅಂತ.”

ಅಡುಗೆಮನೆಯಿಂದ ಅಮ್ಮ ಕೂಗಿದರು: “ನಗ್ತೀರಲ್ಲ ಮಾವ! ನಮ್ಮ ದೊಡ್ಡವಳನ್ನ ಪೊಲೀಸ್ರು ಹೊತ್ಕೊಂಡು ಹೋಗಿರೋದೂ ಅದೇ ವಿಧೀಲಿ.”

ಅಜ್ಜನ ನಗು ಅಲ್ಲಿಗೇ ನಿಂತಿತು.

ನಮ್ಮಕ್ಕ ಬಸ್ ಕಂಡಕ್ಟರ್. ಮುಷ್ಕರದ ಬಗ್ಗೆ ಡಿಪೋದಲ್ಲಿ ಮಾತಾಡಿದಳು. ಅಂದಿನಿಂದ ಆರೋಪಪಟ್ಟಿಯೂ ಇಲ್ಲ, ಅಕ್ಕನೂ ಇಲ್ಲ. ಬಿಡುಗಡೆಯ ಅರ್ಜಿ ಕೋರ್ಟಿಗೆ ಬಂದಾಗ ಸರ್ಕಾರಿ ವಕೀಲರು ನಿಮ್ಮ ಪುಸ್ತಕವನ್ನೇ ಎತ್ತಿ ಹಿಡಿದರು: “ಇಡೀ ಸಭೆ ಒಪ್ಪಿದ ವಿಧಿ ಇದು. ಒಬ್ಬರಾದರೂ ವಿರೋಧಿಸಿದ್ದರೇ?” ಅರ್ಜಿ ವಜಾ ಆಯಿತು.

ವರ್ಷಗಟ್ಟಲೆ ಅಚ್ಚುಮನೆಯಲ್ಲಿ ಗೊರಕೆ ಹೊಡೆದ ಪುಸ್ತಕ, ಆ ಅರ್ಜಿ ಕೋರ್ಟಿಗೆ ಬರುವ ಹಿಂದಿನ ವಾರವೇ ಮೈಮುರಿದು ಎದ್ದದ್ದು ಕಾಕತಾಳೀಯವೇ? ಹೌದೆನ್ನುವಿರಿ. ನಾನು ಕರಪತ್ರ ಓದಿ ಕೆಟ್ಟವಳು, ನಂಬುವುದಿಲ್ಲ. ಸಹಿಗಳಿರುವ ಕರಡಿನ ಮೂಲ ಪ್ರತಿ ನಿಮ್ಮ ಕಪಾಟಿನಲ್ಲೇ ಇದೆ. ಅದರ ಸಹಿಗಳನ್ನೂ ಚಿತ್ರದ ತಲೆಗಳನ್ನೂ ತಾಳೆ ನೋಡಲು ನಿಮ್ಮ ಪಂಡಿತರಿಗೆ ಬಿಡುವಾಗಲಿಲ್ಲವೇ? ಅಥವಾ ತಾಳೆ ನೋಡಿದ ಮೇಲೆಯೇ ‘ಸರ್ವಾನುಮತ’ ಎಂದು ಬರೆದರೇ? ಎರಡನೆಯದೇ ನಿಜವಾದರೆ, ಬರೆಯಿರಿ ಎಂದವರು ಯಾರು?

ಅಕ್ಕನ ಮೇಲ್ಮನವಿ ಸೋಮವಾರ ವಿಚಾರಣೆಗೆ ಬರುತ್ತದೆ. ಅಷ್ಟರೊಳಗೆ ಆ ಪುಸ್ತಕವನ್ನು ಹಿಂಪಡೆಯಿರಿ. ಒಬ್ಬ ಸದಸ್ಯರು ಸಹಿ ಹಾಕದೆ ಎದ್ದು ಹೋದರು, ಇಂಥ ಕಾರಣಕ್ಕೆ ಹೋದರು ಎಂದು ಕೋರ್ಟಿಗೆ ಬರೆದುಕೊಡಿ. ಅಜ್ಜ ಸಾಕ್ಷಿ ಹೇಳಲು ಬರುತ್ತಾರೆ. ಅವರನ್ನೂ ಅದೇ ವಿಧಿಯಡಿ ಒಳಗೆ ಹಾಕುವ ಯೋಚನೆಯಿದ್ದರೆ, ದಯವಿಟ್ಟು ಮೊದಲು ಮುಖಪುಟ ಬದಲಿಸಿ. ಸಂವಿಧಾನ ಬರೆದವರನ್ನೇ ಬಂಧಿಸಿದರೆಂಬ ಅಪಕೀರ್ತಿ ಸರ್ಕಾರಕ್ಕೆ ಬೇಡ.

ಇಂತಿ,
ಸದ್ಯಕ್ಕೆ ಹೊರಗಿರುವವಳು